ಒಂದು ವರ್ಷ ಗಾಜಿನ ಮೇಲೆ ಚಿತ್ರ ಬರೆದ ಮೇಲೆ: ಪೆನ್ ಡಿಸ್‌ಪ್ಲೇ ಕೊಳ್ಳಬೇಕಾ, ಬೇಡವಾ?

ಕೊಂಡ ವಾರದಲ್ಲೇ ರಿವ್ಯೂ ಬರೆಯುವವರನ್ನು ನಾನು ಜಾಸ್ತಿ ನಂಬುವುದಿಲ್ಲ. ಮೊದಲ ವಾರ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಒಂದು ವರ್ಷ ಕಾದು ಬರೆಯುತ್ತಿದ್ದೇನೆ. ನನ್ನದು ಹದಿನಾರು ಇಂಚಿನ ಪೆನ್ ಡಿಸ್‌ಪ್ಲೇ. ಅಂದರೆ ಸ್ಕ್ರೀನಿನ ಮೇಲೆಯೇ ನೇರವಾಗಿ ಚಿತ್ರ ಬಿಡಿಸುವ ಟ್ಯಾಬ್ಲೆಟ್. ಕಂಪ್ಯೂಟರಿಗೆ ಕೇಬಲ್ ಹಾಕಿದರೆ ಮಾತ್ರ ನಡೆಯುತ್ತದೆ, ಒಂಟಿಯಾಗಿ ಏನೂ ಮಾಡುವುದಿಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ಅಲ್ಲದೆ ನಾನು ಹೇಳುವ ಹೆಚ್ಚಿನ ಮಾತು ಈ ಜಾತಿಯ ಯಾವ ಟ್ಯಾಬ್ಲೆಟ್‌ಗಾದರೂ ಒಪ್ಪುತ್ತದೆ. ನನ್ನ ಕೆಲಸ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು. ದಿನಕ್ಕೆ ಐದಾರು ಗಂಟೆ ಪೆನ್ನು ಕೈಯಲ್ಲೇ ಇರುತ್ತದೆ.

ಮೊದಲು ಪೆನ್ನಿನ ವಿಷಯ. ಇದರಲ್ಲಿ ಬ್ಯಾಟರಿ ಇಲ್ಲ, ಚಾರ್ಜ್ ಮಾಡುವ ರಗಳೆಯೂ ಇಲ್ಲ. ಸ್ಕ್ರೀನಿನ ಅಡಿಯಲ್ಲಿ ತಂತಿಗಳ ಒಂದು ಬಲೆ ಇರುತ್ತದೆ. ಅದು ತನ್ನ ಸುತ್ತ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಪೆನ್ನಿನೊಳಗಿನ ಪುಟ್ಟ ಸುರುಳಿ ಅದರಿಂದಲೇ ಶಕ್ತಿ ಪಡೆದು 'ನಾನು ಇಲ್ಲಿದ್ದೇನೆ, ಇಷ್ಟು ಒತ್ತುತ್ತಿದ್ದೇನೆ' ಅಂತ ಉತ್ತರ ಕೊಡುತ್ತದೆ. ಒಂದು ವರ್ಷದಲ್ಲಿ ಪೆನ್ನು ಒಂದು ದಿನವೂ ಕೈಕೊಟ್ಟಿಲ್ಲ, ಎರಡು ಸಲ ಕೆಳಗೆ ಬಿದ್ದರೂ.

ಪೆನ್ನು ಒತ್ತಿದಷ್ಟೂ ಗೆರೆ ದಪ್ಪವಾಗುತ್ತದೆ, ಆ ಒತ್ತಡವನ್ನು ಎಷ್ಟು ಹಂತಗಳಲ್ಲಿ ಅಳೆಯುತ್ತದೆ ಅನ್ನುವುದಕ್ಕೆ ಡಬ್ಬದ ಮೇಲೆ 8192 ಒತ್ತಡದ ಹಂತಗಳು ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ. ಯಾರ ಕೈಗೂ ಅಷ್ಟು ಹಂತಗಳ ವ್ಯತ್ಯಾಸ ಗೊತ್ತಾಗುವುದಿಲ್ಲ. ನೀವು ನೋಡಬೇಕಾದ್ದು, ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ ಅನ್ನುವುದು. ಮಗುವಿನ ಕಣ್ಣರೆಪ್ಪೆಯ ಕೂದಲು ಬರೆಯುವಾಗ ಪೆನ್ನನ್ನು ಸವರಿದ ಹಾಗೆ ಎಳೆಯಬೇಕು. ಆಗ ಗೆರೆಯೇ ಮೂಡದಿದ್ದರೆ, ಅಥವಾ ದಪ್ಪಗೆ ಧಡ್ ಅಂತ ಮೂಡಿದರೆ, 8192 ಇದ್ದೇನು ಪ್ರಯೋಜನ? ನನ್ನದು ಈ ವಿಷಯದಲ್ಲಿ ಪಾಸ್.

ಇನ್ನೊಂದು ಪರೀಕ್ಷೆ. ಸ್ಕೇಲ್ ಇಟ್ಟು, ಒಂದು ಓರೆ ಗೆರೆಯನ್ನು ಬಹಳ ನಿಧಾನವಾಗಿ ಎಳೆದು ನೋಡಿ. ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಆ ಗೆರೆ ಹಾವಿನ ಹಾಗೆ ಬಳುಕುತ್ತದೆ. ನನ್ನದರಲ್ಲಿ ನಡುಭಾಗ ಚೆನ್ನಾಗಿದೆ, ಅಂಚಿಗೆ ಬಂದಂತೆ ಸಣ್ಣಗೆ ಬಳುಕು ಶುರು. ಸಾಫ್ಟ್‌ವೇರಿನಲ್ಲಿ ಗೆರೆ ನೇರ ಮಾಡುವ ಸ್ಟೆಬಿಲೈಸರ್ ಹಾಕಿಕೊಂಡರೆ ಅದು ಕಾಣುವುದಿಲ್ಲ. ಆದರೆ ನನಗೆ ಸ್ಟೆಬಿಲೈಸರ್ ಕಂಡರೆ ಆಗುವುದಿಲ್ಲ. ಅದು ಟ್ಯಾಬ್ಲೆಟ್ಟಿನ ನಡುಕದ ಜೊತೆ ನನ್ನ ಕೈಯ ನಡುಕವನ್ನೂ ಒರೆಸಿಬಿಡುತ್ತದೆ. ಆಮೇಲೆ ನಾನು ಬರೆದ ಅಜ್ಜಿಗೂ ಬೇರೆ ಯಾರೋ ಬರೆದ ಅಜ್ಜಿಗೂ ಒಂದೇ ಥರದ ಗೆರೆ.

ಇದು ಇವತ್ತಿನ ಜಗಳ ಅಲ್ಲ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಇವಾನ್ ಸದರ್‌ಲ್ಯಾಂಡ್ 1963ರಲ್ಲೇ ಸ್ಕ್ರೀನಿನ ಮೇಲೆ ಪೆನ್ನಿಂದ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ಅನ್ನುವ ಪ್ರೋಗ್ರಾಮ್ ಮಾಡಿದ್ದರು. ಅದರ ಹೆಚ್ಚುಗಾರಿಕೆಯೇ ಏನೆಂದರೆ, ನೀವು ಸೊಟ್ಟಗೆ ಎಳೆದ ಗೆರೆಗಳನ್ನು ಸಮಾನಾಂತರ ಮಾಡು ಅಂದರೆ ಅದು ಮಾಡಿಕೊಡುತ್ತಿತ್ತು. ಎಂಜಿನಿಯರಿಗೆ ಗೆರೆ ನೇರ ಇರಬೇಕು. ನನ್ನಂಥವರಿಗೆ ಅದು ಸೊಟ್ಟಗೆ ಇರಬೇಕು, ಅದೂ ನನ್ನದೇ ಸೊಟ್ಟ. ಪೆನ್ನಿಗೆ ಒತ್ತಡ ಗೊತ್ತಾಗಬೇಕು, ಓರೆ ಹಿಡಿದರೆ ಓರೆ ಗೊತ್ತಾಗಬೇಕು ಅಂತೆಲ್ಲ ಬಂದದ್ದು ಚಿತ್ರ ಬರೆಯುವ ಕೈಗೆ ಬೇಕಾಗಿದ್ದರಿಂದ.

ಸ್ಕ್ರೀನಿನ ಮೇಲ್ಮೈ ನೋಡಿ. ಬರೀ ಗಾಜಾದರೆ ಪೆನ್ನು ಮಂಜುಗಡ್ಡೆಯ ಮೇಲೆ ಹೋದ ಹಾಗೆ ಜಾರುತ್ತದೆ. ಕಾಗದದ ಹಾಗೆ ಸ್ವಲ್ಪ ತಡೆ ಬೇಕು ಅನ್ನುವವರಿಗಾಗಿ ಗಾಜನ್ನೇ ಒರಟು ಮಾಡಿ ಕೊಡುತ್ತಾರೆ. ನನ್ನದು ಅಂಥದ್ದು. ಸರ್ ಸರ್ ಅಂತ ಸದ್ದು ಬರುತ್ತದೆ, ಖುಷಿಯಾಗುತ್ತದೆ. ಆದರೆ ಒರಟು ಅಂದರೆ ಅರವೇ ತಾನೆ? ಆರು ವಾರಕ್ಕೆ ನಿಬ್ ಒಂದು ಕಡೆ ಸವೆದು ಉಳಿಯ ಬಾಯಿಯ ಹಾಗೆ ಚಪ್ಪಟೆ. ಆಗ ಬದಲಾಯಿಸದೆ ಹಾಗೇ ಬರೆದರೆ ಆ ಚೂಪು ಅಂಚು ಗಾಜನ್ನೇ ಗೀರುತ್ತದೆ. ನನ್ನ ಸ್ಕ್ರೀನಿನ ಬಲಗಡೆ, ಉಗುರುದ್ದದ ಒಂದು ಗೀರು ಇದೆ, ನನ್ನದೇ ಸೋಮಾರಿತನದ ಗುರುತು. ಕೊಳ್ಳುವಾಗಲೇ ಹೆಚ್ಚುವರಿ ನಿಬ್ ಇಟ್ಟುಕೊಳ್ಳಿ.

ಯಂತ್ರ ಮಾಡುವವರು ಒಂದು ಕಡೆ, ಕಲಾವಿದರು ಇನ್ನೊಂದು ಕಡೆ ಅಂತ ಭಾಗ ಮಾಡುವವರನ್ನು ಕಂಡರೆ ನಗು ಬರುತ್ತದೆ. ಎಣ್ಣೆ ಬಣ್ಣವನ್ನು ತವರದ ಟ್ಯೂಬಿಗೆ ತುಂಬುವುದನ್ನು 1841ರಲ್ಲಿ ಪೇಟೆಂಟ್ ಮಾಡಿಸಿದ ಜಾನ್ ರ‍್ಯಾಂಡ್ ಒಬ್ಬ ಚಿತ್ರಕಾರ. ಅಲ್ಲಿಯವರೆಗೆ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿದರೆ ಮತ್ತೆ ಸರಿಯಾಗಿ ಮುಚ್ಚುವ ಹಾಗಿರಲಿಲ್ಲ. ಟ್ಯೂಬ್ ಬಂತು, ಬಣ್ಣ ಜೇಬಿಗೆ ಹೋಯಿತು, ಚಿತ್ರಕಾರರು ಬಯಲಿಗೆ ಹೋದರು. 1839ರಲ್ಲಿ ಫೋಟೋಗ್ರಫಿಯನ್ನು ಲೋಕಕ್ಕೆ ತೋರಿಸಿದ ಡಾಗೇರ್ ನಾಟಕದ ಪರದೆಗಳಿಗೆ ಚಿತ್ರ ಬರೆಯುತ್ತಿದ್ದವರು. ಟೆಲಿಗ್ರಾಫಿನ ಮೋರ್ಸ್ ಕೂಡ ಭಾವಚಿತ್ರ ಬರೆದು ಬದುಕಿದವರೇ, ಮೊದಲ ಯಂತ್ರವನ್ನು ಕ್ಯಾನ್ವಾಸ್ ಬಿಗಿಯುವ ಮರದ ಚೌಕಟ್ಟಿನ ಮೇಲೆ ಕಟ್ಟಿದ್ದರು. ಕೈಯಲ್ಲಿ ಇದ್ದದ್ದು ಅದೇ ಅಲ್ವಾ!

ಸರಿ, ರಿವ್ಯೂಗೆ ಬರೋಣ. ಬಣ್ಣ ಪರವಾಗಿಲ್ಲ. ಸ್ಕ್ರೀನಿನಲ್ಲಿ ಉರಿಯುವ ಕಿತ್ತಳೆ, ಪ್ರೆಸ್ಸಿನಿಂದ ಬಂದಾಗ ಮಂಕಾಗಿರುತ್ತದೆ. ಅದು ಇದರ ತಪ್ಪಲ್ಲ, ಬೆಳಕಿಗೂ ಶಾಯಿಗೂ ಇರುವ ವ್ಯತ್ಯಾಸ. ಬಿಸಿ ಸ್ವಲ್ಪ ಏರುತ್ತದೆ, ಮುಂಗೈಗೆ ಗೊತ್ತಾಗುತ್ತದೆ. ಜೊತೆಗೆ ಕೊಟ್ಟ ಸ್ಟ್ಯಾಂಡ್ ಬಗ್ಗೆ ಮಾತು ಬೇಡ, ನಾನು ಎರಡು ದಪ್ಪ ನಿಘಂಟು ಇಟ್ಟುಕೊಂಡಿದ್ದೇನೆ.

ಬೈಗುಳ ಇರುವುದು ಡ್ರೈವರ್‌ಗೆ, ಅಂದರೆ ಟ್ಯಾಬ್ಲೆಟ್ಟಿನ ಮಾತು ಕಂಪ್ಯೂಟರಿಗೆ ತಿಳಿಸುವ ಸಾಫ್ಟ್‌ವೇರಿಗೆ. ಒಂದು ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿ, ಪೆನ್ನಿಗೆ ಒತ್ತಡದ ಜ್ಞಾನವೇ ಹೋಯಿತು. ಮೆಲ್ಲಗೆ ಎಳೆದರೂ ಒತ್ತಿ ಎಳೆದರೂ ಒಂದೇ ದಪ್ಪ. ಮರುದಿನ ಬೆಳಿಗ್ಗೆ ಹನ್ನೆರಡು ಪುಟ ಕಳಿಸಬೇಕಿತ್ತು. ಸಹಾಯ ಕೇಳಿದರೆ ಮೂರು ದಿನದ ನಂತರ ಉತ್ತರ ಬಂತು: ತೆಗೆದು ಮತ್ತೆ ಹಾಕಿ ನೋಡಿ. ಅಷ್ಟರಲ್ಲಿ ನಾನು ಹಳೆಯ ಡ್ರೈವರ್ ಹುಡುಕಿ ಹಾಕಿಕೊಂಡು, ಆಟೊ ಅಪ್‌ಡೇಟ್ ನಿಲ್ಲಿಸಿ ಕೆಲಸ ಮುಗಿಸಿಯಾಗಿತ್ತು. ನೀವೂ ನಿಲ್ಲಿಸಿಬಿಡಿ.

ಈಗ ನನ್ನನ್ನು ನಿಜವಾಗಿ ಬದಲಾಯಿಸಿದ ಸಂಗತಿ. ಪೆನ್ನಿನ ಪಕ್ಕದ ಬಟನ್ನಿಗೆ ನಾನು ಅನ್‌ಡೂ ಕೊಟ್ಟಿದ್ದೆ. ಗೆರೆ ತಪ್ಪಿದರೆ ಬೆರಳು ತಾನಾಗಿ ಒತ್ತುತ್ತದೆ, ಗೆರೆ ಮಾಯ. ಮೊದಲು ಇದು ವರ ಅನಿಸಿತು. ಚಿತ್ರ ಬರೆಯುವ ಆ್ಯಪ್ ಒಳಗೇ ಟೈಮ್‌ಲ್ಯಾಪ್ಸ್, ಅಂದರೆ ಬರೆದದ್ದನ್ನೆಲ್ಲ ವೇಗವಾಗಿ ಓಡಿಸಿ ತೋರಿಸುವ ವಿಡಿಯೊ, ರೆಕಾರ್ಡ್ ಆಗುತ್ತದೆ, ಒಂದು ದಿನ ಸುಮ್ನೆ ನೋಡಿದೆ. ಹುಡುಗಿ ಚೆಂಡು ಹಿಡಿದ ಚಿತ್ರ. ಅವಳ ಹೆಬ್ಬೆರಳು ಬರುತ್ತದೆ, ಹೋಗುತ್ತದೆ, ಬರುತ್ತದೆ, ಹೋಗುತ್ತದೆ. ಹತ್ತೊಂಬತ್ತು ಸಲ. ವಿಡಿಯೊ ನಿಲ್ಲಿಸಿ ಒಂದರ ಪಕ್ಕ ಒಂದು ಇಟ್ಟರೆ, ಕೊನೆಯದೂ ಎರಡನೆಯದೂ ಹೆಚ್ಚುಕಡಿಮೆ ಒಂದೇ. ಕಾಗದದ ಮೇಲಾಗಿದ್ದರೆ ಎರಡನೆಯದಕ್ಕೇ ಒಪ್ಪಿಕೊಂಡು ಮುಂದೆ ಹೋಗುತ್ತಿದ್ದೆ. ಅಳಿಸಬಹುದು ಅಂತ ಅಳಿಸಿದ್ದೇನೆ ಅಷ್ಟೆ. ಅವತ್ತೇ ಅನ್‌ಡೂ ತೆಗೆದು ಆ ಬಟನ್ನಿಗೆ ಬಣ್ಣ ಆರಿಸುವ ಕೆಲಸ ಕೊಟ್ಟೆ. ಈಗ ಅಳಿಸಬೇಕಾದರೆ ಎಡಗೈ ಚಾಚಿ ಕೀಬೋರ್ಡ್ ಮುಟ್ಟಬೇಕು. ಆ ಅರ್ಧ ಸೆಕೆಂಡಿನಲ್ಲಿ ಎಷ್ಟೋ ಗೆರೆಗಳು ಬದುಕಿಕೊಳ್ಳುತ್ತವೆ.

ಯಾರಿಗೂ ತೋರಿಸಬಾರದು ಅಂದುಕೊಂಡಿದ್ದ ಈ ವಿಡಿಯೊಗಳಿಗೆ ಈಗ ಬೇರೆಯದೇ ಬೆಲೆ ಬಂದಿದೆ. 2022ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಮೇಳದಲ್ಲಿ ಎಐ ಬಳಸಿ ಮಾಡಿದ ಚಿತ್ರಕ್ಕೆ ಡಿಜಿಟಲ್ ವಿಭಾಗದ ಬಹುಮಾನ ಬಂದಾಗ ದೊಡ್ಡ ಗಲಾಟೆಯಾಯಿತು. ಮರುವರ್ಷ ಅಲ್ಲಿನ ಕಾಪಿರೈಟ್ ಕಚೇರಿ ಅದನ್ನು ನೋಂದಾಯಿಸಲು ಒಪ್ಪಲಿಲ್ಲ. ಅಂದಿನಿಂದ ಚಿತ್ರ ಕಳಿಸಿದರೆ ಸಾಲದು, ಇದನ್ನು ಕೈಯಲ್ಲೇ ಬರೆದದ್ದು ಅಂತಲೂ ತೋರಿಸಬೇಕಾದ ಕಾಲ. ನನಗೆ ಕೆಲಸ ಕೊಡುವವರು ಲೇಯರ್ ಇರುವ (ಗೆರೆ, ಬಣ್ಣ ಎಲ್ಲ ಬೇರೆ ಬೇರೆ ಪದರಗಳಲ್ಲಿರುವ) ಫೈಲ್ ಕೇಳುತ್ತಾರೆ, ಕೆಲವರು ಟೈಮ್‌ಲ್ಯಾಪ್ಸ್ ಕೇಳುತ್ತಾರೆ. ಹಾಗಾಗಿ ಕೊಳ್ಳುವ ಮುನ್ನ, ನಿಮ್ಮ ಆ್ಯಪಿನಲ್ಲಿ ಆ ರೆಕಾರ್ಡಿಂಗ್ ಇದೆಯಾ ಅಂತ ನೋಡಿಕೊಳ್ಳಿ. ಎರಡು ವರ್ಷದ ಹಿಂದೆ ಈ ಸಲಹೆ ಕೊಡುತ್ತೇನೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.

ಹೊಸದಾಗಿ ಕಲಿಯುತ್ತಿದ್ದರೆ ಇದು ಬೇಡ, ಕಂಪ್ಯೂಟರಿನ ಸ್ಕ್ರೀನ್ ನೋಡುತ್ತ ಬರೆಯುವ, ತನ್ನದೇ ಸ್ಕ್ರೀನ್ ಇಲ್ಲದ ಸಣ್ಣ ಟ್ಯಾಬ್ಲೆಟ್ ಸಾಕು. ಇದೇ ಹೊಟ್ಟೆಪಾಡು ಅನ್ನುವವರು ಧೈರ್ಯವಾಗಿ ಕೊಳ್ಳಿ. ಐದಕ್ಕೆ ನಾಲ್ಕು ಅಂಕ, ಕಳೆದ ಒಂದು ಡ್ರೈವರಿನದು. ಅಂದ ಹಾಗೆ ಆ ಚೆಂಡಿನ ಹುಡುಗಿಯ ವಿಡಿಯೊವನ್ನೂ ಕಳಿಸಬೇಕಾಯಿತು. ಸಂಪಾದಕರಿಂದ ಒಂದೇ ಸಾಲಿನ ಉತ್ತರ ಬಂತು: "ಚಿತ್ರ ನಿಮ್ಮದೇ, ಅನುಮಾನ ಇಲ್ಲ, ಆದರೆ ಒಂದು ಹೆಬ್ಬೆರಳಿಗೆ ಇಷ್ಟು ಹೊತ್ತಾ?"