ಎರಡು ಬಕೆಟ್ ಕಾರ್ ವಾಷ್ ಕಿಟ್: 4 ವರ್ಷ ತೊಳೆದ ಮೇಲೆ ನನ್ನ ಅನುಭವ

ಮೊದಲೇ ಹೇಳ್ಬಿಡ್ತೀನಿ, ನನ್ ಕಾರು ಕಪ್ಪು ಬಣ್ಣದ್ದು. ತಂದ ದಿನ ಡೋರ್ ನೋಡ್ಕೊಂಡು ತಲೆ ಬಾಚ್ಕೋಬಹುದಿತ್ತು, ಒಂದು ವರ್ಷ ಕಳೆಯೋಷ್ಟರಲ್ಲಿ ಬಿಸಿಲಿಗೆ ನಿಲ್ಸಿದ್ರೆ ಬಾನೆಟ್ ತುಂಬಾ ಜೇಡರ ಬಲೆ ಥರ ಸಣ್ಣ ಸಣ್ಣ ಗೀರು. ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ. ದಿನಾ ಬೆಳಿಗ್ಗೆ ಹಳೇ ಬನಿಯನ್ ತಗೊಂಡು ಒಣ ಧೂಳು ಒರೆಸ್ತಿದ್ದೆ, ಭಾನುವಾರ ಒಂದು ಬಕೆಟ್ಟು, ಒಂದು ಸ್ಪಾಂಜು, ಪಾತ್ರೆ ತೊಳೆಯೋ ಲಿಕ್ವಿಡ್ಡು. ಗಾಡಿ ಮೇಲೆ ಪ್ರೀತಿ ಜಾಸ್ತಿ ಆಗಿ ಆಗಿದ್ದು ಇದು. ಕೊನೆಗೆ ಪಾಲಿಶ್ ಮಾಡ್ಸಿದೆ, ಮಾಡೋಕ್ ಮುಂಚೆ ಅವ್ರು ಬಾನೆಟ್ ಮೇಲೆ ಬಣ್ಣದ ದಪ್ಪ ಅಳೆಯೋ ಒಂದು ಮೀಟರ್ ಇಟ್ಟು ತೋರ್ಸಿದ್ರು, 118 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅಷ್ಟೇನಾ ಅಂದೆ. ಅಷ್ಟೇ ಸಾರ್, ಅದ್ರಲ್ಲೂ ಪ್ರೈಮರ್, ಬಣ್ಣ ಎಲ್ಲಾ ಸೇರಿದೆ, ಬಣ್ಣದ ಮೇಲಿರೋ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಅದೊಂದೇ ಅಂದ್ರೆ 40 ಮೈಕ್ರಾನ್ ಇರಬಹುದು, ಪ್ರತಿ ಸಲ ಪಾಲಿಶ್ ಮಾಡ್ದಾಗ್ಲೂ ಅದ್ರಲ್ಲೇ ಸ್ವಲ್ಪ ಹೋಗುತ್ತೆ ಅಂದ್ರು. ತಲೆಕೂದಲೇ ಹೆಚ್ಚುಕಮ್ಮಿ 70 ಮೈಕ್ರಾನ್ ದಪ್ಪ ಇರುತ್ತೆ, ಲೆಕ್ಕ ಹಾಕ್ಕೊಳ್ಳಿ. ಅವತ್ತು ಸಂಜೆನೇ ಈ ಕಿಟ್ ಆರ್ಡರ್ ಮಾಡ್ದೆ.

ಕಿಟ್‌ನಲ್ಲಿ ಬಂದಿದ್ದು 20 ಲೀಟರಿನ ಎರಡು ಬಕೆಟ್ಟು, ಅವುಗಳ ತಳಕ್ಕೆ ಕೂರೋ ಎರಡು ಪ್ಲಾಸ್ಟಿಕ್ ಜಾಲರಿ (ಗ್ರಿಟ್ ಗಾರ್ಡ್ ಅಂತಾರೆ), ಶಾವಿಗೆ ಶಾವಿಗೆ ಥರ ಎಳೆ ಇರೋ ಒಂದು ಮೈಕ್ರೋಫೈಬರ್ ಮಿಟ್ಟು ಅಂದ್ರೆ ಕೈಗವಸು, ಒಂದು ಬಾಟ್ಲಿ ಶಾಂಪೂ, ಒಂದು ದಪ್ಪ ಟವೆಲ್ಲು. ಬ್ರ್ಯಾಂಡ್ ಹೆಸರು ಬೇಡ ಬಿಡಿ, ಇಂಥ ಕಿಟ್‌ಗಳೆಲ್ಲಾ ಒಂದೇ ಅಚ್ಚಿನವು. ವಾರಕ್ಕೊಂದು ಸಲ, ಮಳೆಗಾಲದಲ್ಲಿ ಎರಡು ಸಲ, ಹೀಗೆ 4 ವರ್ಷ ಬಳಸಿದ್ದೀನಿ.

ತಗೊಳ್ಳುವಾಗ ನಾನು ದುಡ್ಡು ಕೊಡ್ತಿರೋದು ಮಿಟ್‌ಗೆ ಅಂದ್ಕೊಂಡಿದ್ದೆ, ಬಕೆಟ್ಟು ಜಾಲರಿ ಎಲ್ಲಾ ಪ್ಯಾಕಿಂಗ್ ತುಂಬ್ಸೋಕೆ ಕೊಟ್ಟಿರೋದು ಅಂತ. ಪೂರಾ ಉಲ್ಟಾ ಆಯ್ತು.

ಮೊದಲನೇ ಸಲ ತೊಳೆದಾಗ ಒಂದು ಬಕೆಟ್‌ಗೆ ಶಾಂಪೂ ನೀರು, ಇನ್ನೊಂದಕ್ಕೆ ಬರೀ ನೀರು. ಶಾಂಪೂ ನೀರಲ್ಲಿ ಮಿಟ್ ಅದ್ದಿ ಅರ್ಧ ಬಾನೆಟ್ ತೊಳೆಯೋದು, ಬರೀ ನೀರಿಂದಕ್ಕೆ ಹಾಕಿ ಜಾಲರಿಗೆ ತಿಕ್ಕಿ ಹಿಂಡೋದು, ಮತ್ತೆ ಶಾಂಪೂ. ಎಲ್ಲಾ ಮುಗಿದ ಮೇಲೆ ಬರೀ ನೀರಿನ ಬಕೆಟ್ಟನ್ನ ನಿಧಾನಕ್ಕೆ ಬಗ್ಗಿಸಿ ಜಾಲರಿ ತೆಗೆದು ನೋಡ್ತೀನಿ, ತಳದಲ್ಲಿ ಒಂದು ಚಮಚದಷ್ಟು ಕಪ್ಪು ಗಸಿ. ಎರಡು ಬೆರಳಲ್ಲಿ ತಗೊಂಡು ತಿಕ್ಕಿದ್ರೆ ಚರಚರ ಅನ್ನುತ್ತೆ, ಕಿವಿ ಹತ್ರ ಹಿಡಿದ್ರೆ ಸದ್ದೇ ಕೇಳುತ್ತೆ. ಶಾಂಪೂ ಬಕೆಟ್ ತಳ ನೋಡಿದ್ರೆ ಹತ್ರತ್ರ ಖಾಲಿ. ಹಿಂದೆ ಒಂದೇ ಬಕೆಟ್ ಇದ್ದಾಗ ಈ ಚರಚರ ಎಲ್ಲಾ ಎಲ್ಲಿಗೆ ಹೋಗ್ತಿತ್ತು ಅಂತ ಯೋಚ್ನೆ ಮಾಡಿದಾಗ ಹೊಟ್ಟೆ ಉರೀತು. ರಸ್ತೆ ಧೂಳಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತೆ, ಗಡಸುತನದ ಮೋಸ್ ಅಳತೆಯಲ್ಲಿ ಅದು 7, ಅಂದ್ರೆ ಮಾಮೂಲಿ ಚಾಕುವಿನ ಉಕ್ಕಿಗಿಂತ ಗಟ್ಟಿ. ಅದನ್ನ ಸ್ಪಾಂಜಿಗೆ ಮೆತ್ಕೊಂಡು ಕ್ಲಿಯರ್ ಕೋಟ್ ಮೇಲೆ ರೌಂಡ್ ರೌಂಡ್ ತಿಕ್ತಿದ್ದೆ ನಾನು.

ರೌಂಡ್ ಅಂದಿದ್ದಕ್ಕೆ ನೆನಪಾಯ್ತು, ಬಿಸಿಲಲ್ಲಿ ಕಾಣೋ ಆ ಸುತ್ತು ಸುತ್ತು ಗೀರು ನಿಜವಾಗ್ಲೂ ಎಲ್ಲಾ ಸುತ್ತಾಗೇ ಬಿದ್ದಿರಲ್ಲ. ಗೀರು ಎಲ್ಲಾ ದಿಕ್ಕಲ್ಲೂ ಇರುತ್ತೆ, ಬೆಳಕಿಗೆ ಅಡ್ಡಡ್ಡ ಇರೋವು ಮಾತ್ರ ಹೊಳೆಯೋದ್ರಿಂದ ಬೆಳಕಿನ ಸುತ್ತ ಉಂಗುರದ ಥರ ಕಾಣುತ್ತೆ. ರಾತ್ರಿ ಮೊಬೈಲ್ ಟಾರ್ಚ್ ಹಾಕಿ ಆ ಕಡೆ ಈ ಕಡೆ ಆಡಿಸಿ ನೋಡಿ, ಉಂಗುರ ಟಾರ್ಚ್ ಹಿಂದೇನೇ ಬರುತ್ತೆ. ನೇರ ಗೆರೆಯಲ್ಲಿ ತೊಳೀರಿ ಅಂತಾರಲ್ಲ, ನಾನೂ ಹಾಗೇ ತೊಳೀತೀನಿ, ಆದ್ರೆ ಮಿಟ್‌ನಲ್ಲಿ ಮರಳಿದ್ರೆ ನೇರ ತಿಕ್ಕಿದ್ರೂ ಗೀರೇ.

ಕಿಟ್ ಜೊತೆ ಬಂದ ಚೀಟಿ ಮೇಲೆ ನಂಗೆ ಒಂದು ದೊಡ್ಡ ತಕರಾರಿದೆ. ಅದ್ರಲ್ಲಿ ಶಾಂಪೂ ಕಲಸಿ, ಮಿಟ್ ಅದ್ದಿ, ತೊಳೀರಿ ಅಂತ ಮೂರು ಚಿತ್ರ ಹಾಕಿದ್ದಾರೆ ಅಷ್ಟೇ. ಮಿಟ್ ಮುಟ್ಟಿಸೋಕ್ ಮುಂಚೆ ಮಾಡೋ ಕೆಲಸದ ಬಗ್ಗೆ ಒಂದಕ್ಷರ ಇಲ್ಲ, ನನ್ನ ಕೇಳಿದ್ರೆ ಮುಕ್ಕಾಲು ಪಾಲು ಗೀರು ತಪ್ಪೋದೇ ಅಲ್ಲಿ. ಮೊದಲು ಪೈಪ್ ಹಿಡಿದು ಮೇಲಿಂದ ಕೆಳಗೆ ನೀರು ಬಿಡ್ತೀನಿ, ಸಡಿಲ ಇರೋ ಧೂಳೆಲ್ಲಾ ಇಳಿಯೋವರೆಗೂ. ಆಮೇಲೆ ಗಿಡಕ್ಕೆ ಔಷಧಿ ಹೊಡೆಯೋ ಥರದ 2 ಲೀಟರಿನ ಪಂಪ್ ಸ್ಪ್ರೇಯರ್ ಇದೆ, ಕಿಟ್‌ದಲ್ಲ, ಬೇರೆ ತಗೊಂಡಿದ್ದು, ಅದ್ರಲ್ಲಿ ಇದೇ ಶಾಂಪೂ ಸ್ವಲ್ಪ ಗಟ್ಟಿಯಾಗಿ ಕಲಸಿ ಗಾಡಿ ಪೂರ್ತಿ ಹೊಡೆದು 4-5 ನಿಮಿಷ ಬಿಡ್ತೀನಿ, ಒಣಗೋಕ್ ಬಿಡಬಾರ್ದು ಅಷ್ಟೇ, ಅದಕ್ಕೇ ನೆರಳಲ್ಲಿ, ಬಾನೆಟ್ ತಣ್ಣಗಿದ್ದಾಗ. ಕೆಸರೆಲ್ಲಾ ಮೆತ್ತಗಾಗಿ ಕೆಳಗೆ ಜಾರ್ತಾ ಬರೋದು ಕಣ್ಣಿಗೇ ಕಾಣುತ್ತೆ. ಮತ್ತೆ ನೀರು. ಇಷ್ಟಾದ ಮೇಲೆ ಮಿಟ್ಟು. ಈ ಅಭ್ಯಾಸ ಶುರು ಮಾಡಿದ ಮೇಲೆ ಬಕೆಟ್ ತಳದ ಗಸಿ ಅರ್ಧಕ್ಕಿಂತ ಕಮ್ಮಿ ಆಯ್ತು, ಅಂದ್ರೆ ಅಷ್ಟು ಮರಳು ಮಿಟ್‌ಗೆ ಸಿಗೋಕ್ ಮುಂಚೇನೇ ಇಳಿದುಹೋಗಿದೆ ಅಂತ ಅಲ್ವಾ. ಪ್ರೆಶರ್ ವಾಷರ್ ಇರೋರು ಬಿಳಿ ನಾಝಲ್ ಹಾಕ್ಕೊಳ್ಳಿ, ಅದು 40 ಡಿಗ್ರಿ ಹರಡಿ ಬೀಳುತ್ತೆ, ಕೆಂಪು ನಾಝಲ್ ಅಪ್ಪಿತಪ್ಪಿಯೂ ಗಾಡಿ ಕಡೆ ತಿರುಗಿಸ್ಬೇಡಿ, ಅದು 0 ಡಿಗ್ರಿ, ಚುಚ್ಚೋ ಥರ ಬರುತ್ತೆ.

ಈಗ ಮಿಟ್ ವಿಷಯ. ಎಳೆಗಳ ಮಧ್ಯೆ ಮರಳು ಒಳಗೆ ಹೋಗಿ ಕೂರುತ್ತೆ, ಸ್ಪಾಂಜ್ ಥರ ಮೇಲ್ಗಡೆನೇ ಉಳಿಯಲ್ಲ, ಅದಂತೂ ನಿಜ. ಒತ್ತಬಾರ್ದು, ಒದ್ದೆ ಮಿಟ್ಟಿನ ಭಾರಾನೇ ಸಾಕು. ಆದ್ರೆ ನಮ್ ಕಿಟ್‌ನ ಮಿಟ್ ಒಳಗಡೆ ಒಂದು ಸ್ಪಾಂಜ್ ಇಟ್ಟು ಹೊಲಿದಿದ್ರು, ಅದು ಎರಡು ದಿನ ಆದ್ರೂ ಒಣಗ್ತಿರ್ಲಿಲ್ಲ, ಆರು ತಿಂಗಳಿಗೆ ಮುಗ್ಗಲು ವಾಸನೆ ಶುರು. ಕೈ ಹಾಕೋ ಕಡೆ ಎಲಾಸ್ಟಿಕ್ ಇನ್ನೂ ಬೇಗ ಸತ್ತುಹೋಯ್ತು. ಹಾಗೇ ಒಂದಿನ ಡೋರ್ ತೊಳೀತಿದ್ದಾಗ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಪಕ್ಕದಲ್ಲಿ ಸಹಾಯಕ್ಕೆ ನಿಂತಿದ್ದ ನನ್ ತಮ್ಮ ಚಕ್ ಅಂತ ಎತ್ಕೊಂಡು "ಇರ್ಲಿ ಬಿಡಣ್ಣ, ಏನೂ ಆಗಿಲ್ಲ" ಅಂತ ಫೆಂಡರ್ ಮೇಲೆ ಒಂದೆಳೆತ ಎಳೆದೇ ಬಿಟ್ಟ. ಏಯ್ ಏಯ್ ಅನ್ನೋಷ್ಟರಲ್ಲಿ ಮುಗ್ದೋಗಿತ್ತು. ನೀರು ಬಿಟ್ಟು ನೋಡಿದ್ರೆ ಒಂದು ಗೇಣು ಉದ್ದ, ಮೂರು ಗೆರೆ, ಪಕ್ಕ ಪಕ್ಕ. ಉಗುರು ಆಡಿಸಿ ನೋಡ್ದೆ, ಎರಡಕ್ಕೆ ಸಿಗ್ಲಿಲ್ಲ, ಒಂದಕ್ಕೆ ಸಿಕ್ತು. ಉಗುರಿಗೆ ಸಿಕ್ತು ಅಂದ್ರೆ ಆಳ ಹೋಗಿದೆ, ಪಾಲಿಶ್‌ಗೆ ಪೂರ್ತಿ ಹೋಗೋದು ಕಷ್ಟ. ಆ ಒಂದು ಗೆರೆ ಈಗ್ಲೂ ಇದೆ. ತಮ್ಮ ಬಂದಾಗೆಲ್ಲಾ ಆ ಕಡೆ ನೋಡ್ದೇ ಓಡಾಡ್ತಾನೆ. ಅವತ್ತಿಂದ ಬಿದ್ದ ಮಿಟ್ ಅವತ್ತಿನ ಮಟ್ಟಿಗೆ ರಿಟೈರ್, ಎಷ್ಟೇ ತೊಳೆದ್ರೂ. ಇನ್ನೊಂದು ಮಿಟ್ ಯಾವಾಗ್ಲೂ ಪಕ್ಕದಲ್ಲಿ ಇರುತ್ತೆ.

ಮಿಟ್ ಒಂದೊಂದು ಒಂದೂವರೆ ವರ್ಷ ಬರುತ್ತೆ, ಆಮೇಲೆ ಎಳೆಗಳು ಚಪ್ಪಟೆ ಆಗಿ ಒರಟಾಗುತ್ತೆ. ಈಗ ಇರೋದು ಮೂರನೇದು, ಒಳಗೆ ಸ್ಪಾಂಜ್ ಇಲ್ದೇ ಇರೋದು ಹುಡುಕಿ ತಗೊಂಡೆ. ಹಳೇದನ್ನ ಡೋರ್ ಕೆಳಭಾಗ, ಬಂಪರ್ ಕೆಳಗೆ ಅಂತ ಇಟ್ಕೊಂಡಿದ್ದೀನಿ, ಯಾಕಂದ್ರೆ ಟೈರ್ ಎರಚಿದ್ದೆಲ್ಲಾ ಅಲ್ಲೇ ಇರೋದು, ಅಲ್ಲಿ ತಿಕ್ಕಿದ್ದನ್ನ ತಂದು ಬಾನೆಟ್‌ಗೆ ತಿಕ್ಕೋ ಹಾಗಿಲ್ಲ. ರಿಮ್‌ಗೆ ಬ್ರಷ್ಷೇ ಬೇರೆ, ಬಕೆಟ್ಟೇ ಬೇರೆ.

ಶಾಂಪೂ ಪಿಎಚ್ ನ್ಯೂಟ್ರಲ್, ಅಂದ್ರೆ ಆಮ್ಲಾನೂ ಅಲ್ಲ ಕ್ಷಾರಾನೂ ಅಲ್ಲ, ಅಂತ ಬರೆದಿತ್ತು. ನೊರೆ ಕಮ್ಮಿ ಅಂತ ಮೊದಲು ಬೇಜಾರಾಗಿತ್ತು, ಆದ್ರೆ ಜಾರಿಕೆ ಚೆನ್ನಾಗಿದೆ, ಮಿಟ್ ಸುಮ್ನೆ ತೇಲ್ಕೊಂಡು ಹೋಗುತ್ತೆ, ಬೇಕಾಗಿರೋದು ಅದೇ. ಪಾತ್ರೆ ಲಿಕ್ವಿಡ್ ಎಣ್ಣೆಜಿಡ್ಡು ತೆಗೆಯೋಕೆ ಮಾಡಿರೋದು, ಗಾಡಿ ಮೇಲಿರೋ ವ್ಯಾಕ್ಸನ್ನೂ ಅದು ಜಿಡ್ಡು ಅಂತಾನೇ ಅಂದ್ಕೊಂಡು ಎತ್ಕೊಂಡು ಹೋಗುತ್ತೆ. ಶಾಂಪೂ ಮುಗಿದ ಮೇಲೆ ಬೇರೆ ಎರಡು ಥರದ್ದು ತಂದೆ, ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಕಾಣ್ಲಿಲ್ಲ.

ಟವೆಲ್ಲು ಕಿಟ್‌ನಲ್ಲೇ ಒಳ್ಳೇ ಐಟಮ್ಮು, ಹಾಳು ಮಾಡಿದ್ದು ನಾವು. ಬಂದ ದಿನಾನೇ ಮೂಲೆಯಲ್ಲಿ ಹೊಲಿದಿದ್ದ ಗಟ್ಟಿ ಲೇಬಲ್ ಕತ್ತರಿಸಿ ಹಾಕ್ದೆ, ಇದನ್ನ ಎಲ್ರೂ ಮಾಡಿ, ಅದೇ ಗೀಚುತ್ತೆ. ಎರಡು ವರ್ಷ ಒಂದೇ ಟವೆಲ್ಲಲ್ಲಿ ಪೂರ್ತಿ ಗಾಡಿ ಒಣಗ್ತಿತ್ತು. ಆಮೇಲೆ ಒಂದು ದಿನ ನೀರು ಹೀರೋ ಬದಲು ನೀರನ್ನ ಮುಂದಕ್ಕೆ ತಳ್ತಾ ಹೋಯ್ತು, ಪ್ಲಾಸ್ಟಿಕ್ ಶೀಟ್ ಹಾಕಿ ಒರೆಸಿದ ಹಾಗೆ. ಮನೆಯವ್ರನ್ನ ಕೇಳಿದ್ರೆ "ಒರಟಾಗಿತ್ತಲ್ಲ ಅಂತ ಮಷೀನಿಗೆ ಹಾಕುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದ್ದೆ ರೀ, ಈಗ ನೋಡಿ ಎಷ್ಟು ಮೆತ್ತಗಿದೆ" ಅಂದ್ರು. ಮೆತ್ತಗೇನೋ ಇತ್ತು. ಮೈಕ್ರೋಫೈಬರ್ ಅಂದ್ರೆ ಪಾಲಿಯೆಸ್ಟರ್, ನೈಲಾನ್ ಎಳೆಗಳನ್ನ ಸೀಳಿ ಸೀಳಿ ಮಾಡಿರೋದು, ಆ ಸೀಳುಗಳೇ ನೀರು ಹಿಡಿಯೋದು, ಸಾಫ್ಟ್‌ನರ್ ಅದ್ರ ಮೇಲೇ ಪದರ ಕಟ್ಟುತ್ತೆ. ಬರೀ ಲಿಕ್ವಿಡ್ ಡಿಟರ್ಜೆಂಟಲ್ಲಿ ನಾಲ್ಕು ಸಲ ತೊಳೆದ ಮೇಲೆ ಸ್ವಲ್ಪ ದಾರಿಗೆ ಬಂತು, ಮೊದಲಿನ ಹಾಗೆ ಆಗ್ಲಿಲ್ಲ. ಕಾಟನ್ ಬಟ್ಟೆ ಜೊತೆನೂ ಹಾಕ್ಬೇಡಿ, ನೂಲಿನ ಜುಂಗು ಎಲ್ಲಾ ಕಚ್ಕೊಂಡು ಬರುತ್ತೆ.

ಒರೆಸೋದು ಅಂತ ಬಾಯಲ್ಲಿ ಹೇಳ್ತೀವಿ, ನಾನು ಟವೆಲ್ ಬಿಡಿಸಿ ಬಾನೆಟ್ ಮೇಲೆ ಹಾಸಿ ಅಂಗೈಯಲ್ಲಿ ತಟ್ಟಿ ಎತ್ತುತೀನಿ ಅಷ್ಟೇ. ಅದಕ್ಕೂ ಮುಂಚೆ ಪೈಪಿನ ನಾಝಲ್ ತೆಗೆದು ನಿಧಾನಕ್ಕೆ ಮೇಲಿಂದ ನೀರು ಹರಿಸಿದ್ರೆ ಹಾಳೆ ಥರ ಜಾರಿ ಅರ್ಧ ನೀರು ತಾನಾಗೇ ಇಳಿದುಬಿಡುತ್ತೆ. ಗಡಸು ನೀರಾದ್ರೆ ಸುಮ್ನೆ ಒಣಗೋಕ್ ಬಿಡೋ ಹಾಗಿಲ್ಲ, ಕ್ಯಾಲ್ಸಿಯಂ ಕಲೆ ಬಿಳಿ ಚುಕ್ಕೆ ಚುಕ್ಕೆ ಕೂತ್ಕೊಳ್ಳುತ್ತೆ, ಅದನ್ನ ತೆಗೆಯೋಕೆ ಮತ್ತೆ ತಿಕ್ಕಬೇಕು, ತಿಕ್ಕಿದ್ರೆ ಮತ್ತೆ ಗೀರು. ಹಕ್ಕಿ ಹಿಕ್ಕೆಗೂ ಅಷ್ಟೇ, ಒದ್ದೆ ಬಟ್ಟೆ ಅದ್ರ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿ, ಕೆರೆಯೋಕ್ ಹೋಗ್ಬೇಡಿ, ಹಾಗಂತ ನಾಳೆ ನೋಡೋಣ ಅಂತಾನೂ ಬಿಡ್ಬೇಡಿ, ಆಮ್ಲ ಇರುತ್ತೆ, ಬಣ್ಣ ತಿನ್ನುತ್ತೆ.

4 ವರ್ಷದ ಮೇಲೆ ಬಣ್ಣ ಹೇಗಿದೆ? ಹೋದ ವಾರ ರಾತ್ರಿ ಟಾರ್ಚ್ ಹಾಕ್ಕೊಂಡು ಸುತ್ತಿದೆ. ಸಣ್ಣ ಸಣ್ಣ ಗೆರೆ ಇದೆ, ಇಲ್ಲ ಅಂದ್ರೆ ಸುಳ್ಳಾಗುತ್ತೆ. ಬಾನೆಟ್ಟು, ರೂಫು ಪರವಾಗಿಲ್ಲ, ಮೊದಲನೇ ವರ್ಷ ಆಗಿದ್ದಕ್ಕೆ ಹೋಲಿಸಿದ್ರೆ ಏನೂ ಅಲ್ಲ. ಜಾಸ್ತಿ ಗೀರಿರೋದು ಡೋರ್ ಹ್ಯಾಂಡಲ್ ಹಿಂದಿನ ಗುಳಿಯಲ್ಲಿ, ಅದು ಎಲ್ರ ಉಗುರು ಮಾಡಿದ್ದು, ಮತ್ತೆ ಡಿಕ್ಕಿ ಅಂಚಲ್ಲಿ, ಅದು ಬ್ಯಾಗ್ ಎಳೆದು ಎಳೆದು ಆಗಿದ್ದು. ತೊಳೆಯೋ ವಿಧಾನ ಎಷ್ಟು ಸರಿ ಮಾಡಿದ್ರೂ ಅಲ್ಲಿಗೆ ಉಪಯೋಗ ಇಲ್ಲ. ಎರಡನೇ ಸಲ ಪಾಲಿಶ್ ಮಾಡ್ಸೋ ಪ್ರಮೇಯ ಇನ್ನೂ ಬಂದಿಲ್ಲ.

ಬೇಜಾರು ಅಂದ್ರೆ ಟೈಮು. ನೀಟಾಗಿ ಮಾಡಿದ್ರೆ ಒಂದೂಕಾಲು ಗಂಟೆ, ಸೊಂಟ ಬೇರೆ ಹಿಡ್ಕೊಳ್ಳುತ್ತೆ. ಬರೀ ತೆಳು ಧೂಳಿದ್ದ ವಾರ ರಿನ್ಸ್‌ಲೆಸ್ ವಾಷ್ ಲಿಕ್ವಿಡ್ (ಒರೆಸಿದ ಮೇಲೆ ಮತ್ತೆ ನೀರು ಬಿಟ್ಟು ತೊಳೆಯೋದು ಬೇಡದೇ ಇರೋದು) ಬಳಸ್ತೀನಿ, ಒಂದು ಬಕೆಟ್ ನೀರಲ್ಲಿ ಮುಗ್ದೋಗುತ್ತೆ, ನೀರಿನ ತೊಂದ್ರೆ ಇರೋರಿಗೆ ಅದೇ ವಾಸಿ, ಕೆಸರಿದ್ರೆ ಮಾತ್ರ ಬೇಡ.

ಈಗ ಯಾರಾದ್ರೂ ಇದೇ ಕಿಟ್ ತಗೊಳ್ಳಾ ಅಂತ ಕೇಳಿದ್ರೆ ಬೇಡ ಅಂತೀನಿ, ಮನೇಲಿರೋ ಎರಡು ಬಕೆಟ್‌ಗೆ ಜಾಲರಿ ಮಾತ್ರ ತಗೊಳ್ಳಿ, ಅಳತೆ ನೋಡಿ ತಗೊಳ್ಳಿ, ಸಡಿಲ ಇದ್ರೆ ಮಿಟ್ ತಿಕ್ಕುವಾಗ ತಿರುಗಿ ತಿರುಗಿ ಗಸಿ ಎಲ್ಲಾ ಮೇಲೆದ್ದು ಬರುತ್ತೆ. ಮಿಟ್ಟು, ಟವೆಲ್ಲು ಬಿಡಿಯಾಗಿ ಒಳ್ಳೇದು ಸಿಗುತ್ತೆ. ನನ್ನ ಕಿಟ್‌ದು ಈಗ ಉಳಿದಿರೋದು ಎರಡು ಜಾಲರಿ, ಎರಡು ಬಕೆಟ್ಟು ಅಷ್ಟೇ, ಅದ್ರಲ್ಲೂ ಒಂದರ ಹಿಡಿ ಹೋದ ವರ್ಷ ಮುರಿದುಹೋಗಿ ತಂತಿ ಸುತ್ತಿ ಕಟ್ಟಿದ್ದೀನಿ, ಅದನ್ನ ಟೈರಿಗೆ ಇಟ್ಕೊಂಡು ಗಾಡಿ ಮೈ ತೊಳೆಯೋಕೆ ಮನೇಲಿದ್ದ ಇನ್ನೊಂದು ಬಕೆಟ್ ಎತ್ತಾಕ್ಕೊಂಡಿದ್ದೀನಿ.