ಮೊಟ್ಟೆ ತಿರುಗಿಸುವ ಯಂತ್ರ: ಐದರಲ್ಲಿ ಮೂರು ನಕ್ಷತ್ರ

ಹೋದ ವರ್ಷ ಈಸ್ಟರ್‌ನ ಹಿಂದಿನ ದಿನ ನನ್ನ ಮೂವರು ಮೊಮ್ಮಕ್ಕಳು ಸೇರಿ, ಹಬ್ಬದ ಮೊಟ್ಟೆಗಳಿಗೆ ಬಣ್ಣ ಹಾಕಲೆಂದು ಕಲಸಿಟ್ಟಿದ್ದ ನಾಲ್ಕು ಲೋಟ ಬಣ್ಣದ ನೀರನ್ನು ಪಡಸಾಲೆಗೆ ಚೆಲ್ಲಿದ್ದರು. ಬಳ್ಳಾರಿಯ ಕೌಲ್ ಬಜಾರಿನ ಹಳೆಯ ಮನೆ ನಮ್ಮದು, ಕಡಪ ಕಲ್ಲಿನ ಕಪ್ಪು ನೆಲ, ಒರೆಸಿದರೆ ಹೋಯಿತು. ಆದರೆ ರಾತ್ರಿ ಚರ್ಚಿನ ಪಾಸ್ಕ (ಈಸ್ಟರ್) ಜಾಗರಣೆಯ ಪೂಜೆಗೆಂದು ಇಸ್ತ್ರಿ ಮಾಡಿ ಇಟ್ಟಿದ್ದ ಬಿಳಿ ಫ್ರಾಕಿನ ಮೇಲೂ ಹಸಿರು ಸಿಡಿದಿತ್ತು. ಬಣ್ಣ ಕಚ್ಚಲೆಂದು ನೀರಿಗೆ ವಿನೆಗರ್ ಬೆರೆಸಿದವಳು ನಾನೇ. ಅದರ ಹುಳಿ ಸಿಪ್ಪೆಯ ಸುಣ್ಣವನ್ನು ಕೊಂಚ ಕರಗಿಸಿ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಫ್ರಾಕಿಗೆ ಏನು ಕೊಟ್ಟಿತೋ, ಮೂರು ಸಲ ಒಗೆದರೂ ಹಸಿರು ಬಿಡಲಿಲ್ಲ.

ಈ ಸಲ ಮಗಳು ಬೆಂಗಳೂರಿನಿಂದ ‘ಗಲೀಜಾಗದ’ ಯಂತ್ರ ತರಿಸಿ ಕಳುಹಿಸಿದಳು. ಬೆಲೆ 649 ರೂಪಾಯಿ. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಮೇಲೆ ಎರಡು ರಬ್ಬರ್ ಉರುಳೆ. ಮೊಟ್ಟೆಯನ್ನು ಅಡ್ಡ ಮಲಗಿಸಿ ಗುಂಡಿ ಒತ್ತಿದರೆ ಗಿರಗಿರನೆ ತಿರುಗುತ್ತದೆ. ಸ್ಕೆಚ್ ಪೆನ್ ಮುಟ್ಟಿಸಿ ಹಿಡಿದರೆ ಸುತ್ತ ಪಟ್ಟೆ ಮೂಡುತ್ತದೆ. ಎಂಟು ಪೆನ್ನು ಕೊಟ್ಟಿದ್ದಾರೆ, ಸೆಲ್ ಕೊಟ್ಟಿಲ್ಲ. ಈಸ್ಟರ್ ಬರುವುದೇ ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ. ಆ ದಿನಗಳಲ್ಲಿ ಮೂರು ಪೆನ್ಸಿಲ್ ಸೆಲ್ಲಿಗಾಗಿ ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಗೆ ಹೋಗುವುದೆಂದರೇನು ಎಂದು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲ ಮೊಟ್ಟೆಗೆ ಬಣ್ಣ ಹತ್ತಲೇ ಇಲ್ಲ. ಪೆನ್ನಿನ ನೀಲಿ ಸಣ್ಣ ಸಣ್ಣ ಹನಿಯಾಗಿ ಜಾರಿ ಮಗುವಿನ ಬೆರಳಿಗೆ ಬಂತು. ಯಂತ್ರವನ್ನು ಬೈದೆ. ಆಮೇಲೆ ನೋಡಿದರೆ ತಪ್ಪು ನನ್ನದು: ಬೇಯಿಸಿದ ಮೊಟ್ಟೆಗಳನ್ನು ಕೆಡದಿರಲೆಂದು ಫ್ರಿಡ್ಜಿನಲ್ಲಿಟ್ಟು ತಣ್ಣಗಿರುವಾಗಲೇ ತೆಗೆದುಕೊಟ್ಟಿದ್ದೆ. ಸಿಪ್ಪೆಯೆಲ್ಲ ಬೆವತಿತ್ತು. ಹೊರಗೆ ಹತ್ತು ನಿಮಿಷ ಇಟ್ಟು, ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ ಕೈಯ ಜಿಡ್ಡು ತೆಗೆದು, ಒಣಗಿಸಿ ಕೊಟ್ಟ ಮೇಲೆ ಪಟ್ಟೆಗಳು ಅಚ್ಚುಕಟ್ಟಾಗಿ ಕುಳಿತವು. ಹಾಗೆಂದು ಬೆಂದ ಮೊಟ್ಟೆಯನ್ನು ನಮ್ಮ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಆರಾರು ಮೊಟ್ಟೆಯಂತೆ ತೆಗೆದುಕೊಡಿ.

ಫಾರಂ ಮೊಟ್ಟೆಗೆ ಈ ಯಂತ್ರ ಸರಿ. ನಾಟಿ ಕೋಳಿಯ ಮೊಟ್ಟೆ ಗಾತ್ರದಲ್ಲಿ ಚಿಕ್ಕದು. ಉರುಳೆಗಳ ನಡುವೆ ಕುಣಿದು ಹೊರಗೆ ಹಾರುತ್ತದೆ. ಸಿಪ್ಪೆಯೂ ಕಂದು, ಹಳದಿ ಬರೆದರೆ ಕಾಣಿಸುವುದಿಲ್ಲ.

ಗಲೀಜು ಆಗಲಿಲ್ಲವೇ? ಆಯಿತು, ಒಂದೇ ಸಲ. ಕಿರಿಯವನು ಆಮ್ಲೆಟ್ಟಿಗೆ ಇಟ್ಟಿದ್ದ ಹಸಿ ಮೊಟ್ಟೆಯನ್ನು ತಂದು ಮಲಗಿಸಿ, ಪೆನ್ನನ್ನು ಮೊಳೆಯಂತೆ ಒತ್ತಿದ. ಲೋಳೆ ಉರುಳೆಗಳ ಸಂದಿಗೆ ಇಳಿಯಿತು. ಉರುಳೆಗಳನ್ನು ಬಿಚ್ಚಲು ಬರುವುದಿಲ್ಲ. ನಾನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅರ್ಧ ಗಂಟೆ ಉಜ್ಜಿದೆ. ಎರಡು ನಕ್ಷತ್ರ ಕಡಿಮೆಯಾದದ್ದರಲ್ಲಿ ಒಂದು ಅಲ್ಲೇ ಹೋಯಿತು. ಹಿರಿಯ ಮೊಮ್ಮಗಳು ಅಷ್ಟರಲ್ಲಿ ಉಳಿದವನ್ನೆಲ್ಲ ನೆಲದ ಮೇಲೆ ಬುಗುರಿಯಂತೆ ತಿರುಗಿಸಿ ಪರೀಕ್ಷಿಸಿದಳು. ಬೆಂದದ್ದು ಸಲೀಸಾಗಿ ಸುತ್ತುತ್ತದೆ, ಹಸಿಯದು ಒಳಗಿನ ದ್ರವ ಹಿಂದೆ ಬೀಳುವುದರಿಂದ ತೂರಾಡುತ್ತದೆ. “ಅಜ್ಜಿ, ಇನ್ನೂ ಎರಡು ಹಸಿಯವು ಇವೆ” ಎಂದು ಕೈಯಲ್ಲಿ ತಂದಿಟ್ಟಳು.

ಇನ್ನೊಂದು ನಕ್ಷತ್ರ ಪೆನ್ನುಗಳಿಗಾಗಿ ಹೋಯಿತು. ಡಬ್ಬಿಯ ಮೇಲೆ ವಿಷಕಾರಿಯಲ್ಲ ಎಂದಿದೆ, ತಿನ್ನುವ ಬಣ್ಣ ಎಂದು ಎಲ್ಲೂ ಇಲ್ಲ. ಮೊಟ್ಟೆಯ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ. ಆದ್ದರಿಂದ ಪಟ್ಟೆಯವನ್ನು ಬುಟ್ಟಿಯಲ್ಲಿ ನೋಡಲಿಕ್ಕೆ ಮಾತ್ರ ಇಟ್ಟೆ. ತಿನ್ನುವವನ್ನು ನನ್ನ ಹಳೆಯ ಪದ್ಧತಿಯಲ್ಲೇ ಉಳ್ಳಾಗಡ್ಡಿಯ ಒಣ ಸಿಪ್ಪೆ ಹಾಕಿ ಕುದಿಸಿದೆ. ಕೆಂಗಂದು ಬಣ್ಣ ಬರುತ್ತದೆ. ಗ್ರೀಸ್‌ನಂಥ ಪೂರ್ವ ಯುರೋಪಿನ ಕಡೆಯ ಆರ್ಥಡಾಕ್ಸ್ ಕ್ರೈಸ್ತರು ಸಂಪ್ರದಾಯದಂತೆ ಕ್ರಿಸ್ತರ ರಕ್ತದ ನೆನಪಿಗೆ ಮೊಟ್ಟೆಗೆ ಕೆಂಪನ್ನೇ ಹಚ್ಚುತ್ತಾರೆ. ನನಗೂ ಅದೇ ಇಷ್ಟ, ಎಂಟು ಬಣ್ಣದ ಪಟ್ಟೆ ಬಳೆ ಅಂಗಡಿಯಂತೆ ಕಾಣುತ್ತದೆ.

ಫ್ರಾಕ್ ಈ ವರ್ಷ ಬಿಳಿಯಾಗಿಯೇ ಪೂಜೆಗೆ ಹೋಯಿತು. ಹಬ್ಬ ಮುಗಿದು ವಾರವಾದರೂ ಯಂತ್ರ ಮಾತ್ರ ಅಟ್ಟ ಹತ್ತಿಲ್ಲ. ಕಿರಿಯವನು ಈಗ ಅದರ ಮೇಲೆ ನಿಂಬೆಹಣ್ಣು ತಿರುಗಿಸಿ ಪಟ್ಟೆ ಬರೆಯುತ್ತಿದ್ದಾನೆ. ಬೇಸಿಗೆಯ ನಿಂಬೆಹಣ್ಣಿನ ಬೆಲೆಗೆ ಈ ಆಟ ಮೊಟ್ಟೆಗಿಂತ ದುಬಾರಿ.