180 ಡಾಲರಿನ ಬಯಲು: ಲಾ ಪೋಸಾದಲ್ಲಿ ಮೂರು ಚಳಿಗಾಲ

ಕೊಂಡದ್ದು ಒಂದು ಚೀಟಿ. ಗಾಡಿಯ ಮುಂದಿನ ಗಾಜಿಗೆ ಅಂಟಿಸುವಂಥದು, ನಾವು ಕೊಂಡಾಗ ಬೆಲೆ 180 ಡಾಲರ್. ಅದು ಅಂಟಿದ್ದರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅರಿಜೋನಾದ ಕ್ವಾರ್ಟ್ಸ್‌ಸೈಟ್ ಊರಿನ ದಕ್ಷಿಣಕ್ಕಿರುವ ಲಾ ಪೋಸಾ ಬಯಲಿನಲ್ಲಿ ಗಾಡಿ ನಿಲ್ಲಿಸಿಕೊಂಡು ಬದುಕಬಹುದು. 2021ರಿಂದ 2024ರ ವಸಂತದವರೆಗೆ ಮೂರು ಚಳಿಗಾಲಗಳ ಚೀಟಿ ಕೊಂಡು, ಪ್ರತಿ ಸಲವೂ ನಾಲ್ಕು ತಿಂಗಳಿಗೂ ಹೆಚ್ಚು ಅಲ್ಲಿದ್ದು ಇದನ್ನು ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ನಕ್ಷತ್ರ. ಕಡಿದುಕೊಂಡ ಒಂದು ನಕ್ಷತ್ರ ಗಾಳಿಯ ಪಾಲಿನದು. ಅದರ ಕಥೆ ಮುಂದಿದೆ.

ನಾವು ಇಬ್ಬರು, ನಾನು ಮತ್ತು ನನ್ನ ಹೆಂಡತಿ. ಮನೆ ಮಾರಿ, 24 ಅಡಿಯ ಹಳೆಯ ಟ್ರೇಲರ್ ಒಂದನ್ನು ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು ಹೊರಟವರು. ಕಾಗದಪತ್ರಕ್ಕೆ ಸೌತ್ ಡಕೋಟದಲ್ಲಿ ಒಂದು ಅಂಚೆ ವಿಳಾಸವಿದೆ. ಉಳಿದಂತೆ ಎಲ್ಲಿ ಚಕ್ರ ನಿಂತಿತೋ ಅಲ್ಲೇ ಮನೆ. ಬೇಸಿಗೆಯಲ್ಲಿ ಉತ್ತರಕ್ಕೆ, ಚಳಿಗಾಲದಲ್ಲಿ ದಕ್ಷಿಣಕ್ಕೆ. ಹೀಗೆ ಹಕ್ಕಿಗಳಂತೆ ಇಳಿದು ಬರುವವರನ್ನು ಅಲ್ಲಿ ಸ್ನೋಬರ್ಡ್ ಎನ್ನುತ್ತಾರೆ.

ಚೀಟಿಗೆ ಏನು ಸಿಗುತ್ತದೆ ಎಂದು ಊರಿನಿಂದ ಅಣ್ಣ ಕೇಳಿದಾಗ ನಿಜವಾಗಿ ಉತ್ತರ ಹೊಳೆಯಲಿಲ್ಲ. ವಿದ್ಯುತ್ ಇಲ್ಲ. ಗುರುತು ಹಾಕಿದ ಜಾಗವಿಲ್ಲ, ಸಂಖ್ಯೆ ಬರೆದ ಕಂಬವಿಲ್ಲ. ಸ್ನಾನದ ಮನೆ ಇಲ್ಲ. ಸಾವಿರಾರು ಎಕರೆ ಕಲ್ಲುಹರಳಿನ ನೆಲ, ಅದರ ಮೇಲೆ ಕ್ರಿಯೊಸೋಟ್ ಪೊದೆ, ಪಾಲೊವರ್ಡೆ, ಐರನ್‌ವುಡ್ ಮರಗಳು, ದೂರದಲ್ಲಿ ತೋಳೆತ್ತಿ ನಿಂತ ಸವಾರೋ ಕಳ್ಳಿ. ಒಂದು ಕಡೆ ಕುಡಿಯುವ ನೀರಿನ ನಲ್ಲಿ, ಕೊಳಚೆ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್, ಕಸದ ತೊಟ್ಟಿ. ಅಲ್ಲಲ್ಲಿ ಗುಂಡಿ ಶೌಚಾಲಯ. ನಿಯಮಗಳೂ ಕೆಲವೇ: ಪಕ್ಕದ ಗಾಡಿಗೂ ನಿಮಗೂ ಕನಿಷ್ಠ 15 ಅಡಿ ಅಂತರವಿರಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು, ಶೌಚಾಲಯಗಳಿಂದ ದೂರ ನಿಲ್ಲುವವರ ಗಾಡಿಯಲ್ಲಿ ಸ್ವಂತ ಶೌಚದ ಏರ್ಪಾಡಿರಬೇಕು. ಫೆಡರಲ್ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ 1983ರಲ್ಲಿ ಶುರು ಮಾಡಿದ ವ್ಯವಸ್ಥೆ ಇದು.

ಸಿಗುವುದು ಎಂದರೆ, ಎಬ್ಬಿಸದೆ ಕೂರಲು ಬಿಡುವುದು. ಇದರ ಬೆಲೆ ಗೊತ್ತಾಗಬೇಕಾದರೆ ಬಿಟ್ಟಿ ಜಾಗದಲ್ಲಿ ಇದ್ದು ನೋಡಬೇಕು. ಚೀಟಿಯಿಲ್ಲದೆಯೂ ಸುತ್ತಮುತ್ತಲ ಸರ್ಕಾರಿ ಮರುಭೂಮಿಯಲ್ಲಿ ತಂಗಬಹುದು, ಆದರೆ 28 ದಿನಗಳಲ್ಲಿ 14 ದಿನ ಮಾತ್ರ. ಆಮೇಲೆ 25 ಮೈಲಿ ಆಚೆ ಹೋಗಬೇಕು. ನಾವು ಅದನ್ನೂ ಮಾಡಿ ನೋಡಿದ್ದೇವೆ. ಮನಸ್ಸು ಜಾಗಕ್ಕೆ ಹೊಂದುವಷ್ಟರಲ್ಲಿ ಗಂಟು ಮೂಟೆ ಕಟ್ಟುವ ದಿನ ಬರುತ್ತದೆ. ಬಾಡಿಗೆ ಮನೆ ಬಿಡಿಸಿದವರ ಹಾಗೆ ಎರಡು ವಾರಕ್ಕೊಮ್ಮೆ ಪಾತ್ರೆ ಜೋಡಿಸುವುದು ಅರವತ್ತು ದಾಟಿದ ಸೊಂಟಕ್ಕೆ ಸುಲಭವಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿನ ದಿನಚರಿಯೆಲ್ಲ ಅದರ ಸುತ್ತಲೇ ತಿರುಗುತ್ತದೆ. ನಮ್ಮ ಟ್ಯಾಂಕ್ ಹಿಡಿಯುವುದು 150 ಲೀಟರ್. ಮೊದಲ ಚಳಿಗಾಲದಲ್ಲಿ ಅದು ನಾಲ್ಕೇ ದಿನಕ್ಕೆ ಬರಿದಾಯಿತು. ನಾನು ಹುಟ್ಟಿದ್ದು ಚಳ್ಳಕೆರೆ ಸೀಮೆಯಲ್ಲಿ. ಅಮ್ಮ ಮುಖ ತೊಳೆದ ನೀರನ್ನು ತೆಂಗಿನ ಸಸಿಗೆ ಹಾಕುತ್ತಿದ್ದುದನ್ನು ನೋಡಿ ಬೆಳೆದವನು. ಮೂವತ್ತು ವರ್ಷ ಅಮೆರಿಕದ ನಲ್ಲಿ ತಿರುಗಿಸಿದ ಕೈ ಅದನ್ನೆಲ್ಲ ಮರೆತಿತ್ತು. ಎರಡನೆಯ ತಿಂಗಳಿಗೆ ನೆನಪಾಯಿತು. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯುವುದು, ಅಕ್ಕಿ ತೊಳೆದ ನೀರಿನಲ್ಲಿ ಎಣ್ಣೆ ಪಾತ್ರೆ ನೆನೆಸುವುದು, ಒಂದು ಚೊಂಬಿನಿಂದ ಮೈ ನೆನೆಸಿ ಇನ್ನೆರಡು ಚೊಂಬಿನಿಂದ ಸೋಪು ಕಳೆಯುವುದು. ಈಗ ಅದೇ 150 ಲೀಟರ್ ಇಬ್ಬರಿಗೆ ಒಂಬತ್ತರಿಂದ ಹತ್ತು ದಿನ ಬರುತ್ತದೆ. ಕುಕ್ಕರ್ ದೊಡ್ಡ ಉಪಕಾರಿ. ಬೇಳೆ, ಅನ್ನ, ತರಕಾರಿ ಒಂದೇ ಸಲಕ್ಕೆ ಮೂರು ಬಟ್ಟಲಲ್ಲಿ ಬೆಂದರೆ ಗ್ಯಾಸೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಕೊಳಚೆ ಟ್ಯಾಂಕ್ ತುಂಬುವುದೂ ಹೆಚ್ಚುಕಡಿಮೆ ಹತ್ತು ದಿನಕ್ಕೆ, ಆದ್ದರಿಂದ ಎರಡೂ ಕೆಲಸ ಒಂದೇ ಓಟದಲ್ಲಿ ಮುಗಿಯುತ್ತವೆ. ಜನವರಿ ಕೊನೆಗೆ ಊರಿನಲ್ಲಿ ದೊಡ್ಡ ಡೇರೆ ಹಾಕಿ ಆರ್‌ವಿಗಳ, ಅಂದರೆ ನಮ್ಮದರಂಥ ಮನೆಗಾಡಿಗಳ, ಪ್ರದರ್ಶನ ನಡೆಯುತ್ತದೆ. ಆಗ ಇಡೀ ಉತ್ತರ ಅಮೆರಿಕವೇ ಇಲ್ಲಿಗೆ ಬಂದಂತಿರುತ್ತದೆ. ಆ ದಿನಗಳಲ್ಲಿ ಟ್ಯಾಂಕ್ ಖಾಲಿ ಮಾಡಲು ಬೆಳಕು ಹರಿಯುವ ಮೊದಲೇ ಹೊರಡುವುದು ಲೇಸು.

ಬಿಸಿಲು ಇಲ್ಲಿ ಎರಡನೆಯ ಸಂಪತ್ತು. ಆದರೆ ಡಿಸೆಂಬರಿನ ಬಿಸಿಲನ್ನು ನಂಬುವ ಮೊದಲು ತಲೆಯೆತ್ತಿ ನೋಡಿ. ಆ ಅಕ್ಷಾಂಶದಲ್ಲಿ ಡಿಸೆಂಬರ್ 21ರಂದು ನಡು ಮಧ್ಯಾಹ್ನಕ್ಕೂ ಸೂರ್ಯ 33 ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮ ಚಾವಣಿಯ ಮೇಲೆ 400 ವ್ಯಾಟ್ ಸೋಲಾರ್ ಪ್ಯಾನೆಲ್ ಇದೆ. ಅಳವಡಿಸಿದವನು (ಬೇರೆ ರಾಜ್ಯದವನು, ಹೆಸರು ಬೇಡ) ಅವನ್ನು ಹಪ್ಪಳ ಒಣಹಾಕಿದಂತೆ ಚಪ್ಪಟೆಯಾಗಿ ಬಿಗಿದು ಕಳುಹಿಸಿದ್ದ. ಮೊದಲ ಡಿಸೆಂಬರಿನಲ್ಲಿ ದಿನಕ್ಕೆ 1.1 ಯೂನಿಟ್ ದಾಟಲಿಲ್ಲ. ಫ್ರಿಜ್, ಎರಡು ಲ್ಯಾಪ್‌ಟಾಪ್, ಉಪಗ್ರಹ ಇಂಟರ್‌ನೆಟ್ಟಿನ ತಟ್ಟೆ, ಹೀಟರಿನ ಫ್ಯಾನು ಎಲ್ಲ ಸೇರಿ ನಮಗೆ ಒಂದೂವರೆ ಯೂನಿಟ್ಟಾದರೂ ಬೇಕು. ಮರುವರ್ಷ ನಾನೇ ಅಲ್ಯುಮಿನಿಯಂ ಕಾಲುಗಳನ್ನು ಜೋಡಿಸಿ ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಚೆನ್ನಾಗಿ ಓರೆ ಮಾಡಿದೆ. ಅದೇ ಪ್ಯಾನೆಲ್, ಅದೇ ಡಿಸೆಂಬರ್, 1.8 ಯೂನಿಟ್. ಪ್ಯಾನೆಲ್ ಕೊಳ್ಳುವವರಿಗೆ ನನ್ನದು ಒಂದೇ ಮಾತು: ವ್ಯಾಟ್ ಎಷ್ಟು ಎಂದು ಕೇಳುವ ಮೊದಲು ಓರೆಯಾಗುತ್ತದೆಯೇ ಎಂದು ಕೇಳಿ.

ಅದೇ ಮನುಷ್ಯ ಲಿಥಿಯಂ ಬ್ಯಾಟರಿಯನ್ನು ಟ್ರೇಲರಿನ ಮುಂಭಾಗದ ಹೊರಪೆಟ್ಟಿಗೆಯಲ್ಲಿ ಇಟ್ಟಿದ್ದ. ಕೆಳಗಿಳಿದು ಬರುವಾಗ ಫ್ಲ್ಯಾಗ್‌ಸ್ಟಾಫ್ ಬಳಿ ಒಂದು ರಾತ್ರಿ ತಂಗಿದೆವು. ಎರಡು ಸಾವಿರ ಮೀಟರಿಗೂ ಎತ್ತರದ ಊರು. ಬೆಳಿಗ್ಗೆ ಝಗಝಗಿಸುವ ಬಿಸಿಲು, ಬ್ಯಾಟರಿ ಮಾತ್ರ ಒಂದು ತೊಟ್ಟೂ ಕುಡಿಯಲೊಲ್ಲದು. ಈ ಜಾತಿಯ ಬ್ಯಾಟರಿಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತವೆ, ಅದಕ್ಕಾಗಿ ಒಳಗಿನ ರಕ್ಷಣಾ ವ್ಯವಸ್ಥೆ ಬಾಗಿಲು ಹಾಕಿಕೊಳ್ಳುತ್ತದೆ. ಈಗ ಬ್ಯಾಟರಿ ನಮ್ಮ ಮಂಚದ ಕೆಳಗಿದೆ. ಅದರಿಂದ ಇನ್ನೊಂದು ಲಾಭವಾಯಿತು. ಲಾ ಪೋಸಾದಲ್ಲಿ ಜನವರಿಯ ಹಗಲು 20 ಡಿಗ್ರಿ ಇದ್ದರೂ ರಾತ್ರಿ ಐದಕ್ಕೆ ಇಳಿಯುತ್ತದೆ, ಇಡ್ಲಿ ಹಿಟ್ಟು ಉಬ್ಬುವುದೇ ಇಲ್ಲ. ಬ್ಯಾಟರಿಯ ಪಕ್ಕದ ಇನ್ವರ್ಟರ್ ಸದಾ ಸ್ವಲ್ಪ ಬೆಚ್ಚಗಿರುತ್ತದೆ. ಹಿಟ್ಟಿನ ಪಾತ್ರೆಯನ್ನು ಚಳ್ಳಕೆರೆಯ ಹಳೆಯ ಕಂಬಳಿಯಲ್ಲಿ ಸುತ್ತಿ, ಇನ್ವರ್ಟರಿಗೆ ಗಾಳಿ ಕಟ್ಟದಷ್ಟು ದೂರದಲ್ಲಿ ಇಟ್ಟರೆ ಬೆಳಿಗ್ಗೆಗೆ ಹಿಟ್ಟು ಅಂಚಿಗೆ ಬಂದಿರುತ್ತದೆ. ಗ್ಯಾಸ್ ಹೀಟರ್ ಬಳಸುವವರು ಕಿಟಕಿಯನ್ನು ಒಂದು ಬೆರಳಷ್ಟಾದರೂ ತೆರೆದಿಡಬೇಕು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಹಚ್ಚಲೇಬಾರದು. ಇದರಲ್ಲಿ ಜಿಪುಣತನ ಬೇಡ.

ಇನ್ನು ಗಾಳಿ. ಎರಡನೆಯ ವರ್ಷ ಫೆಬ್ರುವರಿಯ ಒಂದು ಸಂಜೆ, ಎಲೆಯೂ ಅಲುಗದ ಹೊತ್ತಿನಲ್ಲಿ, ಬದಿಯ ನೆರಳು ಚಪ್ಪರವನ್ನು ಬಿಚ್ಚಿ ಹಾಗೆಯೇ ಬಿಟ್ಟು ಮಲಗಿದೆ. ನಡುರಾತ್ರಿ ಎದ್ದ ಗಾಳಿ ಅದನ್ನು ಚಾವಣಿಯ ಮೇಲಿಂದ ಆಚೆ ಮಗುಚಿ ಹಾಕಿತು. ದೂರಲು ಯಾರೂ ಇಲ್ಲ, ಕೊಡೆಯನ್ನು ಮಡಚದೆ ಮಲಗಿದವನು ನಾನೇ. ಆದರೆ ಗಾಳಿ ಎದ್ದ ದಿನಗಳಲ್ಲಿ ಹೊರಗೆ ಕೂರಲಾಗುವುದಿಲ್ಲ, ಪ್ಯಾನೆಲ್ ಓರೆ ಮಾಡಲಾಗುವುದಿಲ್ಲ, ಮುಚ್ಚಿದ ಡಬ್ಬಿಯ ಸಕ್ಕರೆಯಲ್ಲೂ ಹಿಟ್ಟಿನಂಥ ಧೂಳು ಕರಕರ ಎನ್ನುತ್ತದೆ. ಮೂರು ದಿನ ಬಿಡದೆ ಬೀಸಿದರೆ ಗಂಡ ಹೆಂಡಿರ ಮಾತೂ ಕರಕರ ಎನ್ನುತ್ತದೆ. ಆ ನಕ್ಷತ್ರ ಹೋದದ್ದು ಹೀಗೆ.

ಸಣ್ಣ ಶತ್ರುಗಳೂ ಇವೆ. ಪ್ಯಾಕ್ ರ‍್ಯಾಟ್ ಎಂಬ ಕಾಡಿಲಿಗೆ ಟ್ರಕ್ಕಿನ ವೈರು ಎಂದರೆ ಪ್ರಾಣ. ರಾತ್ರಿ ಬಾನೆಟ್ ತೆರೆದಿಟ್ಟು ಒಳಗೊಂದು ದೀಪ ಹಚ್ಚುವುದು ಅಲ್ಲಿನ ವಾಡಿಕೆ. ಹೊಸಬರು ಅದನ್ನು ನೋಡಿ ಇಷ್ಟೊಂದು ಗಾಡಿ ಕೆಟ್ಟು ನಿಂತಿವೆಯಲ್ಲ ಎಂದುಕೊಳ್ಳುತ್ತಾರೆ. ಛೋಯಾ ಕಳ್ಳಿಯ ಮುಳ್ಳು ಕಾಲಿಗೆ ಹತ್ತಿದರೆ ಕೈಯಿಂದ ಕೀಳಬೇಡಿ, ಬಾಚಣಿಗೆ ಬೇಕು. ಮತ್ತೆ, ನೆಲ ಮೆತ್ತಗಿದೆ, ಮರದ ನೆರಳಿದೆ ಎಂದು ಒಣಹಳ್ಳದ ಪಾತ್ರದಲ್ಲಿ ನಿಲ್ಲಿಸಬೇಡಿ. ದೂರದ ಬೆಟ್ಟದಲ್ಲಿ ಸುರಿದರೆ ನಿಮ್ಮ ತಲೆಯ ಮೇಲೆ ನೀಲಿ ಆಕಾಶವಿರುವಾಗಲೇ ಹಳ್ಳ ಬರುತ್ತದೆ. ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಅಪರೂಪ, ಚಳ್ಳಕೆರೆಯ ಬರಗಾಲದ ವರ್ಷವೂ ಇಲ್ಲಿಯವರಿಗೆ ಮಳೆಗಾಲವೇ. ಬಂದ ದಿನ ಮಾತ್ರ ಕ್ರಿಯೊಸೋಟ್ ಎಲೆಗಳಿಂದ ಏಳುವ ಘಾಟು ವಾಸನೆಗೆ ಇಡೀ ಬಯಲಿನ ಜನ ಬಾಗಿಲು ತೆರೆದು ಹೊರಗೆ ನಿಲ್ಲುತ್ತಾರೆ.

ಆ ಜನರ ಬಗ್ಗೆ. ನಮ್ಮ ಕಡೆ ಹೊಸಬರನ್ನು ಯಾವ ಊರು, ಯಾರ ಪೈಕಿ ಎಂದು ಕೇಳುತ್ತಾರೆ. ಲಾ ಪೋಸಾದಲ್ಲಿ ಕೇಳುವುದು, ಎಷ್ಟು ವ್ಯಾಟ್? ಮೊದಲು ಕೇಳಿದವರು ಕೆನಡಾದ ಸಸ್ಕಾಚೆವಾನಿನ ಒಬ್ಬ ಗೋಧಿ ರೈತರು, ಎಪ್ಪತ್ತು ದಾಟಿದವರು. ಕೋವಿಡ್ ಕಾರಣಕ್ಕೆ ಮುಚ್ಚಿದ್ದ ರಸ್ತೆ ಗಡಿ ಕೆನಡಾದ ಪ್ರವಾಸಿಗಳಿಗೆ ತೆರೆದದ್ದು 2021ರ ನವೆಂಬರ್ 8ರಂದು. ಅದೇ ವಾರ ಹೊರಟು ಬಂದು ನಮ್ಮಿಂದ ನೂರು ಅಡಿ ಆಚೆ ನಿಲ್ಲಿಸಿದರು. ಪ್ಯಾನೆಲ್ ಕಾಲುಗಳಿಗೆ ತೂತು ಕೊರೆಯಲು ಡ್ರಿಲ್ ಕೊಟ್ಟವರೂ ಅವರೇ.

ಊರಿನಲ್ಲಿ ನೋಡುವಂಥದು ಹೆಚ್ಚಿಲ್ಲ. ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ ಒಂದಿದೆ, ತುದಿಯಲ್ಲಿ ಲೋಹದ ಒಂಟೆ. 1850ರ ದಶಕದಲ್ಲಿ ಅಮೆರಿಕದ ಸೇನೆ ಈ ಮರುಭೂಮಿಗೆಂದು ಒಂಟೆಗಳನ್ನು ತರಿಸಿದಾಗ ಅವುಗಳ ಜೊತೆ ಬಂದ ಹಾಜಿ ಅಲಿಯ ಸಮಾಧಿ ಅದು. ಅಲ್ಲಿಯವರ ಬಾಯಲ್ಲಿ ಅವನು ‘ಹೈ ಜಾಲಿ’ ಆದ, 1902ರಲ್ಲಿ ತೀರಿಕೊಂಡ. ನನ್ನ ಹೆಸರನ್ನೂ ಅವರು ಏನೇನೋ ಮಾಡಿರುವುದರಿಂದ ಆ ಗೋರಿಯ ಮುಂದೆ ನನಗೆ ಕೊಂಚ ಸಲಿಗೆ. ದಿನಸಿ ಸಾಮಾನಿಗೆ, ಅಂದರೆ ಹುಣಿಸೆಹಣ್ಣು, ರಾಗಿ ಹಿಟ್ಟು, ಕರಿಬೇವಿಗೆ, ಎರಡು ಗಂಟೆ ದೂರದ ಫೀನಿಕ್ಸ್ ಕಡೆಗೆ ಹೋಗಬೇಕು. ಹಲ್ಲಿನ ಚಿಕಿತ್ಸೆಗೆ ಯೂಮಾ ಊರಿನ ಆಚೆ ಗಡಿ ದಾಟಿ ಮೆಕ್ಸಿಕೋದ ಲಾಸ್ ಅಲ್ಗೊಡೊನೆಸ್, ಪಾಸ್‌ಪೋರ್ಟ್ ಮರೆಯಬೇಡಿ.

ಚೀಟಿಯ ಬಗ್ಗೆ ಅನೇಕರು ಗಮನಿಸದ ಒಂದು ಸಂಗತಿಯಿದೆ: ಇದು ಲಾ ಪೋಸಾಕ್ಕೆ ಮಾತ್ರ ಅಲ್ಲ, ಇದೇ ವ್ಯವಸ್ಥೆಯ ಬೇರೆ ಚಳಿಗಾಲದ ತಾಣಗಳಲ್ಲೂ ನಡೆಯುತ್ತದೆ. ನಾವು ಮೂರನೆಯ ವರ್ಷ ಪ್ರದರ್ಶನದ ಗದ್ದಲ ಶುರುವಾಗುವ ಮೊದಲೇ ಕೊಲೊರಾಡೊ ನದಿಯ ಪಕ್ಕದ ಇಂಪೀರಿಯಲ್ ಡ್ಯಾಮ್ ತಾಣಕ್ಕೆ ಹೋದೆವು. ಹೆಚ್ಚು ಹಣ ಕೊಡಬೇಕಾಗಲಿಲ್ಲ. ಎರಡು ತಿಂಗಳು ಕಲ್ಲುಹರಳು ನೋಡಿದ ಕಣ್ಣಿಗೆ ಹರಿಯುವ ನೀರು ಎಷ್ಟು ಹೊತ್ತು ನೋಡಿದರೂ ಸಾಲಲಿಲ್ಲ.

ವಿದ್ಯುತ್ತಿನ ಪ್ಲಗ್ ಬೇಕೇ ಬೇಕು ಎನ್ನುವವರು, ವೈದ್ಯರ ಹತ್ತಿರವೇ ಇರಬೇಕಾದವರು ಊರೊಳಗಿನ ಆರ್‌ವಿ ಪಾರ್ಕ್ ಹಿಡಿಯುವುದು ಒಳ್ಳೆಯದು. ಬಾಡಿಗೆ ಇದಕ್ಕಿಂತ ಬಹಳ ಹೆಚ್ಚು, ಕಷ್ಟ ಬಹಳ ಕಡಿಮೆ.

ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗದ ವಿಷಯ ಗ್ರೈಂಡರಿನದು. ಕಲ್ಲಿನ ಪುಟ್ಟ ಗ್ರೈಂಡರ್, ಕರೆಂಟು ಎಳೆಯುವುದು ಕಡಿಮೆಯೇ, ಆದರೆ ಒಮ್ಮೆ ತೊಳೆಯಲು ನಾಲ್ಕು ಲೀಟರ್ ನೀರು ಬೇಕು. ಬಿಟ್ಟು ಹೋಗೋಣ ಎಂದು ನಾನು, ಬೇಡ ಎಂದು ಅವಳು. ಮಾರ್ಚ್‌ನಲ್ಲಿ ಹೊರಡುವ ದಿನ ಗೋಧಿ ರೈತರು ಬಂದು ಟ್ರಕ್ಕಿಗೆ ಒರಗಿ ನಿಂತರು. ಪ್ರತಿ ಭಾನುವಾರ ನಮ್ಮಲ್ಲಿ ದೋಸೆ ತಿಂದವರು.

“ಮುಂದಿನ ಸಲವೂ ಆ ಕಲ್ಲಿನ ಯಂತ್ರ ತರುತ್ತೀರಿ ತಾನೆ?” ಎಂದು ಕೇಳಿದರು.

“ತರುತ್ತೇವೆ, ತೊಳೆಯುವ ನೀರು ನಿಮ್ಮ ಟ್ಯಾಂಕಿನಿಂದ” ಎಂದಳು ಹೆಂಡತಿ.

ಅವರದು 380 ಲೀಟರಿನ ಟ್ಯಾಂಕ್. ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಲೆಕ್ಕ ಹಾಕಿ ಒಪ್ಪಿಕೊಂಡರು.